ಬದುವಿನ ಮೇಲಿನ ಬಳ್ಳಾರಿ

ಮುಂಗಾರು ನಾಲ್ಕು ಹದ ಮಳೆ ಸುರಿಸಿತೆಂದರೆ ಸಾಕು, ಬಳ್ಳಾರಿಯ ತರಕಾರಿ ಸಂತೆಯ ಅಂಚಿಗೆ ಒಂದಿಬ್ಬರು ಹೆಂಗಸರು ಸಣ್ಣ ಬುಟ್ಟಿ ಹಿಡಿದು ಬಂದು ಕೂರುತ್ತಾರೆ. ಅವರ ಮುಂದೆ ತಕ್ಕಡಿ ಇರುವುದಿಲ್ಲ. ಒಂದು ಸ್ಟೀಲ್ ಲೋಟ, ಬುಟ್ಟಿಯ ಮೇಲೊಂದು ಹಳೇ ಸೀರೆಯ ತುಂಡು, ಅಷ್ಟೇ ಅಂಗಡಿ. ಕೂಗಿ ಕರೆಯುವ ಗೋಜೂ ಇಲ್ಲ. ಗೊತ್ತಿದ್ದವರು ಹುಡುಕಿಕೊಂಡು ಬರುತ್ತಾರೆ, ಗೊತ್ತಿಲ್ಲದವರು ಲೋಟದ ರೇಟು ಕೇಳಿ ಹೌಹಾರಿ ಟೊಮೆಟೊ ಗಾಡಿಯ ಕಡೆ ಹೊರಡುತ್ತಾರೆ. ಹೋದ ವರ್ಷ ನಾನೂ ಚೌಕಾಸಿ ಮಾಡಿ ನೋಡಿದೆ.

‘ಸ್ವಲ್ಪ ಕಮ್ಮಿ ಮಾಡ್ರಿ ಅಮ್ಮಾ.’

‘ಬೆಳೆದಿದ್ದಾಗಿದ್ರ ಕಮ್ಮಿ ಮಾಡ್ತಿದ್ದೆ ಯಪ್ಪಾ. ಇದು ಹುಡುಕಿದ್ದು. ಹೊತ್ತು ಹುಟ್ಟೋಕ್ ಮುಂಚೆ ಹೊಲಕ್ಕೆ ಹೋಗಿ ಬಗ್ಗಿದಾಕಿ, ಇನ್ನೂ ನಡ ನೆಟ್ಟಗಾಗಿಲ್ಲ.’

ಅದು ಕರ್ಚಿಕಾಯಿ. ಕಿರುಬೆರಳಿನ ಎರಡು ಗೆಣ್ಣಿನಷ್ಟು ಉದ್ದ, ಎರಡೂ ತುದಿ ಚೂಪು, ನಡುವೆ ಉಬ್ಬು, ಮೈತುಂಬ ಹೀರೇಕಾಯಿಯಂತೆ ಏಣು. ಹಾಗಲಕಾಯಿಯ ಕುಲದ್ದು, ಕಹಿ ಮಾತ್ರ ಹದವಾಗಿ. ಗಡಿಯಾಚೆಯ ತೆಲುಗರು ಇದನ್ನು ಕಾಸರಕಾಯಿ ಅನ್ನುತ್ತಾರೆ. ಬೆಂಗಳೂರಿನ ನೆಂಟರೊಬ್ಬರಿಗೆ ‘ಇವತ್ತು ಕರ್ಚಿಕಾಯಿ ಮಾಡೀವಿ, ಊಟಕ್ಕೆ ಬರ್ರಿ’ ಅಂದಿದ್ದೆವು. ಅವರು ಹಬ್ಬದ ಕರ್ಜಿಕಾಯಿ ಎಂದು ತಿಳಿದು, ಸಿಹಿಗೆ ಜಾಗ ಉಳಿಸಿಕೊಂಡೇ ಬಂದಿದ್ದರು. ತಟ್ಟೆಗೆ ಬಿದ್ದಾಗ ಆಕಾರ ನೋಡಿ ‘ಹೆಸರಿಟ್ಟವರು ಸುಳ್ಳು ಹೇಳಿಲ್ಲ ಬಿಡಿ’ ಅಂದರು. ಎಣ್ಣೆಯಲ್ಲಿ ಗರಿಗರಿಯಾಗುವ ತನಕ ಬಾಡಿಸಿ, ಈರುಳ್ಳಿ ಹಾಕಿ, ಕೊನೆಗೆ ಶೇಂಗಾ ಪುಡಿ, ಒಣಮೆಣಸಿನ ಖಾರ ಉದುರಿಸಿದರೆ ಬಿಸಿ ಜೋಳದ ರೊಟ್ಟಿಗೆ ಅದರ ಮುಂದೆ ಇನ್ನೊಂದಿಲ್ಲ. ಸಕ್ಕರೆ ಕಾಯಿಲೆಗೆ ರಾಮಬಾಣ ಎಂದು ಮಾರುವವರೂ ಇದ್ದಾರೆ. ಆ ಮಾತು ವೈದ್ಯರಿಗೆ ಬಿಟ್ಟದ್ದು, ನನಗೆ ರುಚಿಯೇ ಸಾಕು.

ಈ ಬಳ್ಳಿಯನ್ನು ಯಾರೂ ಬಿತ್ತುವುದಿಲ್ಲ. ಎರೆಹೊಲದ ಅಡಿಯಲ್ಲಿ ಗಡ್ಡೆಯಾಗಿ ಬೇಸಿಗೆಯಿಡೀ ಮಲಗಿರುತ್ತದೆ. ನೆಲ ಬಾಯಿಬಿಟ್ಟು ಕಾಲು ಹೋಗುವಷ್ಟು ಬಿರುಕು ಬಿದ್ದರೂ ಅದಕ್ಕೇನೂ ಆಗದು. ಮಳೆ ಬಿದ್ದೊಡನೆ ಚಿಗುರಿ ನೆಲದ ಮೇಲೆ ಹಬ್ಬುತ್ತದೆ. ಎಳೆಯದಿದ್ದಾಗಲೇ ಕಿತ್ತು ಅಂದೇ ಮಾರಬೇಕು, ಹಣ್ಣಾದರೆ ಬಿರಿದುಬಿಡುತ್ತದೆ. ಹೀಗಾಗಿ ಲಾರಿ ಹತ್ತುವ ತರಕಾರಿ ಇದಲ್ಲ. ಬೀಜದ ಕಂಪನಿಗೆ ಬೇಡ, ದಲ್ಲಾಳಿಗೂ ಬೇಡ. ಹೊಲಕ್ಕೆ ಕಳೆ ಕೀಳಲು ಹೋಗುವ ಹೆಂಗಸಿನ ಉಡಿಗೆ ಮಾತ್ರ ಗೊತ್ತಿರುವ ಕಾಯಿ.

ನಮ್ಮ ದೇಶ ವರ್ಷಕ್ಕೆ 20 ಕೋಟಿ ಟನ್ನಿಗೂ ಮೀರಿ ತರಕಾರಿ ಬೆಳೆಯುತ್ತದೆ. ಚೀನಾ ಬಿಟ್ಟರೆ ಲೋಕದಲ್ಲಿ ನಾವೇ. ಕೇಳಲು ಹಿತವಾದ ಮಾತು. ಆದರೆ ಆ ರಾಶಿಯನ್ನು ಕೆದಕಿ ನೋಡಿದರೆ ಸರಿಸುಮಾರು ಅರ್ಧ ಬರೀ ಮೂರೇ ಪದಾರ್ಥ: ಆಲೂಗಡ್ಡೆ, ಈರುಳ್ಳಿ, ಟೊಮೆಟೊ. ಮಿಕ್ಕ ಅರ್ಧದಲ್ಲಿ ಎಲೆಕೋಸು, ಹೂಕೋಸು, ಬದನೆ, ಬೆಂಡೆಗಳು ದೊಡ್ಡ ಪಾಲು ಹಿಡಿದ ಮೇಲೆ ಉಳಿಯುವ ಸಂದಿಯಲ್ಲಿ ನೂರಾರು ಬಗೆಯ ಕಾಯಿ, ಸೊಪ್ಪು, ಗಡ್ಡೆಗಳು ಒತ್ತಿಕೊಂಡು ಕೂತಿವೆ. ಕರ್ಚಿಕಾಯಿ ಆ ಲೆಕ್ಕದಲ್ಲೂ ಇಲ್ಲ. ವೈವಿಧ್ಯ ಅಂತ ನಾವು ಭಾಷಣದಲ್ಲಿ ಹೇಳುವುದು ಬಳ್ಳಾರಿ ಸೀಮೆಯ ಮಟ್ಟಿಗೆ ಎಲ್ಲಿದೆ ಎಂದು ಹುಡುಕುತ್ತ ಹೋದವನಿಗೆ ಅದು ಸಿಕ್ಕಿದ್ದು ಹೊಲದಲ್ಲಲ್ಲ, ಹೊಲದ ಅಂಚಿನಲ್ಲಿ.

ತಮಿಳರ ಬೆಲ್ಲಾರಿ

ಮೊದಲಿಗೆ ಹೆಸರಿನ ಕಥೆ. ಚೆನ್ನೈನ ಯಾವುದೇ ಕಿರಾಣಿ ಅಂಗಡಿಗೆ ಹೋಗಿ ಈರುಳ್ಳಿ ಕೇಳಿ. ‘ಚಿನ್ನದಾ, ಬೆಲ್ಲಾರಿಯಾ?’ ಎಂಬ ಪ್ರಶ್ನೆ ಎದುರಾದೀತು. ಸಾಂಬಾರಿಗೆ ಹಾಕುವ ಸಣ್ಣುಳ್ಳಿ ಚಿನ್ನ ವೆಂಗಾಯಂ, ನಾವು ದಿನಾ ಹೆಚ್ಚುವ ದೊಡ್ಡ ಗಡ್ಡೆ ಬೆಲ್ಲಾರಿ ವೆಂಗಾಯಂ. ಅದು ನಾಸಿಕ್‌ನಿಂದ ಬಂದಿದ್ದರೂ ಬೆಲ್ಲಾರಿಯೇ. 1953ರ ಅಕ್ಟೋಬರ್ 1ರ ತನಕ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಕಚೇರಿ ಕಾಗದ ಹೋಗುತ್ತಿದ್ದದ್ದು ಅತ್ತ, ವ್ಯಾಪಾರವೂ ಅತ್ತ. ನಮ್ಮ ಊರಿನ ಹೆಸರು ಇಂಗ್ಲಿಷಿನಲ್ಲೂ ‘ಬಳ್ಳಾರಿ’ ಆದದ್ದು 2014ರ ನವೆಂಬರ್ 1ರಂದು. ತಮಿಳರ ಅಡುಗೆಮನೆಯಲ್ಲಿ ಮಾತ್ರ ಹಳೇ ಬೆಲ್ಲಾರಿ ಇನ್ನೂ ಕಣ್ಣೀರು ಬರಿಸುತ್ತಿದೆ. ಈಗ ಈರುಳ್ಳಿಯ ಜೋರು ಇರುವುದು ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಚಿತ್ರದುರ್ಗದ ಮಸಾರಿ ನೆಲದಲ್ಲಿ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಅತ್ತ ಹೋದವು. ಈರುಳ್ಳಿಯ ಊರೆಂದು ಹೆಸರಾದ ಜಿಲ್ಲೆಯಿಂದ ಈರುಳ್ಳಿಯ ತಾಲ್ಲೂಕುಗಳೇ ಕೈಬಿಟ್ಟವು. ನಮಗೆ ಹೆಸರು ಉಳಿಯಿತು.

ತರಕಾರಿಗೆ ಊರಿನ ಹೆಸರು ಬಂದದ್ದು ಇತ್ತೀಚಿನ ಮಾತು. ತಿಂದದ್ದು ಬಹಳ ಹಿಂದಿನಿಂದ. ಬಳ್ಳಾರಿಯ ಸೆರಗಿಗೇ ಇರುವ ಸಂಗನಕಲ್ಲು ಗುಡ್ಡಗಳಲ್ಲಿ ನಾಲ್ಕು ಸಾವಿರ ವರ್ಷಗಳ ಹಿಂದೆ ಬದುಕಿದ್ದವರ ಬೂದಿ, ಮಣ್ಣನ್ನು ಪುರಾತತ್ವಜ್ಞರು ನೀರಿನಲ್ಲಿ ತೇಲಿಸಿ ಸೋಸಿದರು. ಸುಟ್ಟು ಕರಕಾದ ಕಾಳು ಮೇಲೆ ತೇಲಿದವು. ಧಾರವಾಡದ ರವಿ ಕೋರಿಶೆಟ್ಟರ್ ಅವರ ಜೊತೆ ಇಲ್ಲಿ ಕೆಲಸ ಮಾಡಿದ ಡೋರಿಯನ್ ಫುಲ್ಲರ್ ಅವುಗಳಲ್ಲಿ ಹುರುಳಿ, ಹೆಸರು, ಕೊರಲೆಗಳನ್ನು ಗುರುತಿಸಿದರು. ಹುರುಳಿ ಕಟ್ಟು ಕಾಯಿಸಿಕೊಂಡು ಉಣ್ಣುವ ಮನೆ ಇಂದಿಗೂ ಸಂಗನಕಲ್ಲಿನಲ್ಲಿದೆ. ನಗರದಲ್ಲಿರುವ ರಾಬರ್ಟ್ ಬ್ರೂಸ್ ಫೂಟ್ ವಸ್ತು ಸಂಗ್ರಹಾಲಯಕ್ಕೆ ಹೋದರೆ ಆ ಕಾಲದ ಕಲ್ಲಿನ ಕೊಡಲಿಗಳ ಮುಂದೆ ಎಲ್ಲರೂ ನಿಲ್ಲುತ್ತಾರೆ. ಕಾಳಿನ ಮುಂದೆ ನಿಲ್ಲುವವರು ಕಮ್ಮಿ.

ಅಲ್ಲಿಂದ ಒಂದೇ ಜಿಗಿತಕ್ಕೆ ಹಂಪಿಗೆ ಬಂದುಬಿಡೋಣ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಪೇಟೆಗೆ ಬರುವ ಹೇರುಗಳನ್ನು ನೋಡಿ ದಂಗಾಗಿದ್ದ. ನಿಂಬೆ, ಕಿತ್ತಳೆ, ಕಾಡುಬದನೆ, ಇನ್ನಷ್ಟು ತೋಟದ ಸರಕು ದಿನಾ ಇಷ್ಟೊಂದು ಬರುತ್ತದಲ್ಲಾ ಎಂಬುದು ಅವನ ಬೆರಗು. ರಾಬರ್ಟ್ ಸೂಯೆಲ್ 1900ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಅವನ ಬರಹದ ಇಂಗ್ಲಿಷ್ ರೂಪವಿದೆ. ನನಗೆ ಕಂಡದ್ದು ಅವನು ಹೇಳಿದ ಕಾಯಿಗಿಂತ ಹೇಳದೇ ಹೋದದ್ದು. ಆ ಹೇರುಗಳಲ್ಲಿ ಮೆಣಸಿನಕಾಯಿ ಇಲ್ಲ, ಟೊಮೆಟೊ ಇಲ್ಲ, ಆಲೂಗಡ್ಡೆ ಇಲ್ಲ. ಮೂರೂ ಅಮೆರಿಕ ಖಂಡದಿಂದ ಹಡಗು ಹತ್ತಿ ಆಮೇಲೆ ಬಂದವು. ಕೃಷ್ಣದೇವರಾಯನ ಊರಿನಲ್ಲಿ ಬದನೆಕಾಯಿ ಇತ್ತು, ಅದಕ್ಕೆ ಹಾಕಲು ಖಾರಕ್ಕೆ ಕಾಳುಮೆಣಸೇ ಗತಿ. ಈಗ ನಮ್ಮ ಜಿಲ್ಲೆಯ ಕುರುಗೋಡಿನ ರೈತನಿಗೆ ‘ಮೆಣಸಿನಕಾಯಿ ನಿಮ್ಮದಲ್ಲ, ಹೊರಗಿನದು’ ಅಂದು ನೋಡಿ.

ನೀರು ಬಂತು

ಕಂದಾಯದ ಪಹಣಿಯಲ್ಲಿ ಜಮೀನಿಗೆ ಮೂರು ಜಾತಿ: ಖುಷ್ಕಿ, ತರಿ, ಬಾಗಾಯ್ತು. ಮಳೆಯಾಶ್ರಯದ್ದು ಖುಷ್ಕಿ, ನೀರು ನಿಲ್ಲಿಸಿ ಭತ್ತ ಬೆಳೆಯುವುದು ತರಿ, ತೋಟದ್ದು ಬಾಗಾಯ್ತು. ನಮ್ಮ ಜಿಲ್ಲೆಯ ಸಿರುಗುಪ್ಪ ಬಹಳ ಹಿಂದಿನಿಂದಲೂ ತರಿ ಕಂಡ ಊರು. ತುಂಗಭದ್ರೆಯಿಂದ ವಿಜಯನಗರದವರು ತೆಗೆದ ಕಾಲುವೆಗಳಲ್ಲಿ ಸಿರುಗುಪ್ಪ, ದೇಶನೂರು ಹೆಸರಿನವೂ ಇವೆ. ಆದರೆ ಅದು ನದಿಯ ಅಂಚಿನ ಒಂದು ಪಟ್ಟಿ ಮಾತ್ರ. ಅದರಾಚೆಗೆ ಕಣ್ಣು ಹಾಯುವಷ್ಟೂ ಎರೆ ಹೊಲ. ಜೋಳ, ಹತ್ತಿ, ಕಡಲೆ, ಕುಸುಬೆ.

1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಟ್ಟರು. ಮುಂದೆ ಮೇಲ್ಮಟ್ಟದ್ದು, ಕೆಳಮಟ್ಟದ್ದು ಎಂದು ಎರಡು ಕಾಲುವೆಗಳು ಬಳ್ಳಾರಿ ಸೀಮೆಯನ್ನು ಸುತ್ತುತ್ತ ಆಂಧ್ರಕ್ಕೆ ಇಳಿದವು. ಯೋಜನೆ ಮಾಡಿದವರ ಲೆಕ್ಕ ಬೇರೆಯೇ ಇತ್ತು. ಬರದ ಸೀಮೆ ಇದು, ಇದ್ದ ನೀರನ್ನು ಹೆಚ್ಚು ಹೊಲಕ್ಕೆ ತೆಳ್ಳಗೆ ಹರಿಸೋಣ, ಜೋಳ, ಹತ್ತಿ, ಶೇಂಗಾ ಒಣಗದಂತೆ ಒಂದೆರಡು ನೀರು ಸಿಗಲಿ ಎಂಬುದು ಅವರ ಎಣಿಕೆ. ಕಾಲುವೆ ಪಕ್ಕದ ರೈತ ನೀರು ಕಂಡವನೇ ಭತ್ತ ನಾಟಿ ಮಾಡಿದ. ಅವನನ್ನು ಬೈಯುವುದು ಸುಲಭ. ಮೂರು ತಲೆಮಾರು ಬರ ಉಂಡವನ ಹೊಲದ ಬದಿಯಲ್ಲಿ ನೀರು ಹರಿಯುತ್ತಿದ್ದರೆ ‘ನಾನು ಜೋಳಕ್ಕೆ ಎರಡೇ ನೀರು ಕೊಡುವೆ’ ಎಂದು ಕೂರುವ ಸಂತ ಯಾರು? ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆನಿಂತವರು ಭತ್ತದ ಕಸುಬನ್ನು ಕೈಯಲ್ಲಿಟ್ಟುಕೊಂಡೇ ಬಂದಿದ್ದರು. ಹೀಗೆ ಸಿರುಗುಪ್ಪ ಭತ್ತದ ಕಣಜವಾಯಿತು, ಕಾಲುವೆಯ ಕೊನೇ ಭಾಗದ ಹೊಲಗಳು ನೀರಿನ ದಾರಿ ಕಾಯುತ್ತ ಕೂತವು.

ತರಕಾರಿಗೆ ಏನಾಯಿತು ಎಂಬುದನ್ನು ಯಾರೂ ಬರೆದಿಡಲಿಲ್ಲ. ಅದು ಯಾರ ಲೆಕ್ಕದಲ್ಲೂ ಇರಲಿಲ್ಲವಲ್ಲ. ಭತ್ತದ ಮಡಿಯಲ್ಲಿ ನೀರು ನಿಂತರೆ ಪಕ್ಕದ ಹೊಲಕ್ಕೂ ಬಸಿಯುತ್ತದೆ. ಬದನೆಗಿಡದ ಬೇರು ಕೊಳೆಯುತ್ತದೆ, ಹೀರೇಬಳ್ಳಿ ಹಳದಿಯಾಗುತ್ತದೆ. ಒಬ್ಬ ಭತ್ತ ಹಚ್ಚಿದರೆ ಪಕ್ಕದವನೂ ಹಚ್ಚಲೇಬೇಕು. ಎಷ್ಟೋ ಕಡೆ ನೆಲ ಸವಳಾಯಿತು. ಎರೆಯೊಳಗೆ ಮಲಗಿದ್ದ ಕರ್ಚಿಗಡ್ಡೆಗೆ ಬೇಸಿಗೆಯ ಒಣನಿದ್ದೆಯೇ ಇಲ್ಲದಂತಾಯಿತು. ಅಕ್ಕಿ ಉಣ್ಣುವ ಭಾಗ್ಯ ಬಂದದ್ದು ನಿಜ, ಅದನ್ನು ಹಗುರ ಮಾಡಲಾರೆ. ಆದರೆ ತಾಲ್ಲೂಕಿನ ತುಂಬ ಹಸಿರಿದ್ದರೂ ಸಿರುಗುಪ್ಪದ ಸಂತೆಗೆ ಕ್ಯಾರೆಟ್, ಬೀನ್ಸ್, ಕೋಸುಗಳು ಲಾರಿಯಲ್ಲಿ ದೂರದಿಂದ ಬರುತ್ತವೆ. ಬೆಳಗಿನ ಜಾವ ಬಳ್ಳಾರಿ ಎಪಿಎಂಸಿಯಲ್ಲಿ ಇಳಿದ ಮೂಟೆ, ಕ್ರೇಟುಗಳು ಟಂಟಂ ಏರಿ ತೆಕ್ಕಲಕೋಟೆ ದಾಟಿ ಸಿರುಗುಪ್ಪ ಮುಟ್ಟುವ ಹೊತ್ತಿಗೆ ಬಿಸಿಲೇರಿರುತ್ತದೆ. ಕೊತ್ತಂಬರಿ ಕಟ್ಟು ತಲೆ ಬಾಗಿಸಿರುತ್ತದೆ.

ಕೆಂಪು ಕಣ

ಕುರುಗೋಡಿನ ಕಥೆ ಬಣ್ಣದಲ್ಲಿ ಬೇರೆ, ಗುಣದಲ್ಲಿ ಒಂದೇ. ಬಂಡೆಗುಡ್ಡಗಳ ಊರು. ಸಿಂದರು ಆಳಿದ್ದ ಕೋಟೆ, ದೊಡ್ಡಬಸವೇಶ್ವರನ ಗುಡಿ, ಅದರೊಳಗೆ ಹೆಸರಿಗೆ ತಕ್ಕ ಬಸವ. ಚಳಿಗಾಲ ಮುಗಿಯುವ ಹೊತ್ತಿಗೆ ಆ ಕಡೆ ಹೋದರೆ ಊರ ಸುತ್ತಲಿನ ಕಣಗಳಲ್ಲಿ ಮೆಣಸಿನಕಾಯಿಯ ಕೆಂಪು ಹಾಸಿರುತ್ತದೆ. ಗಾಳಿ ತಿರುಗಿತೆಂದರೆ ಬೈಕಿನಲ್ಲಿ ಹೋಗುವವನಿಗೂ ಸೀನು. ಸಂಜೆ ಇಬ್ಬನಿಗೆ ಮುಂಚೆ ಹರವಿದ ಕಾಯನ್ನು ಗುಂಪೆ ಮಾಡಿ ತಾಡಪಾಲು ಹೊದಿಸಬೇಕು, ಬೆಳಿಗ್ಗೆ ಮತ್ತೆ ಹರವಬೇಕು. ಹೆಂಗಸರು ಸೆರಗಿನಿಂದ ಮೂಗು ಬಾಯಿ ಕಟ್ಟಿಕೊಂಡು ಬಿಳಿಚಿದ ತಾಲುಗಾಯಿಯನ್ನು ಆರಿಸುತ್ತ ಕೂರುತ್ತಾರೆ. ಆ ಕೈಯನ್ನು ರಾತ್ರಿ ಮಗುವಿನ ಮುಖಕ್ಕೆ ತಾಗಿಸುವಂತಿಲ್ಲ. ಎಣ್ಣೆ ಹಚ್ಚಿ ತೊಳೆದರೂ ಉರಿ ಹೋಗುವುದು ಮರುದಿನಕ್ಕೇ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಬಣ್ಣ ಜಾಸ್ತಿ, ಖಾರ ಕಮ್ಮಿ, ಒಣಗಿದಾಗ ಮೈತುಂಬ ಸುಕ್ಕು. ಹಳಬರು ಡಬ್ಬಿ, ಕಡ್ಡಿ ಎಂದು ಎರಡು ಬಗೆ ಹೇಳುತ್ತಾರೆ. ನಮ್ಮ ಹೊಲಗಳಲ್ಲಿ ಈಗ ಕೇಳುವುದು ನಂಬರುಗಳು. ‘ಈ ಸಲ ಏನು ಹಾಕೀರಿ?’ ಅಂದರೆ ‘2043’, ‘5531’ ಎಂಬ ಉತ್ತರ ಬರುತ್ತದೆ, ಲಾರಿ ನಂಬರ್ ಹೇಳಿದ ಹಾಗೆ. ಬೀಜ ಬರುವುದು 10 ಗ್ರಾಮಿನ ಪೊಟ್ಟಣದಲ್ಲಿ, ಅಕ್ಕಸಾಲಿಗನ ಅಂಗಡಿಯ ಲೆಕ್ಕ. ಒಂದೇ ಬೆಳೆ, ಒಂದೇ ತಳಿ ಸಾವಿರಾರು ಎಕರೆ ಹಬ್ಬಿದರೆ ಏನಾಗುತ್ತದೆ ಎಂದು 2021ರಲ್ಲಿ ಕಂಡೆವು. ಹೊರದೇಶದಿಂದ ಬಂದ ಕಪ್ಪು ಥ್ರಿಪ್ಸ್ ಎಂಬ ನುಸಿ ದಕ್ಷಿಣದ ಮೆಣಸಿನ ಹೊಲಗಳ ಹೂವಿನೊಳಗೇ ಮನೆ ಮಾಡಿತು. ಹೂವು ಉದುರಿತು, ಕಾಯಿ ಕಟ್ಟಲಿಲ್ಲ. ಹೊಡೆದ ಔಷಧಿಗೆ ಲೆಕ್ಕವಿಲ್ಲ.

ಬೆಳೆದರೂ ಸುಖವಿಲ್ಲ. ಚೀಲ ಹೊತ್ತ ಲಾರಿ ಸುಮಾರು 200 ಕಿ.ಮೀ. ದೂರದ ಬ್ಯಾಡಗಿಗೇ ಹೋಗಬೇಕು. ಅಲ್ಲಿ ಟೆಂಡರ್ ಕೂಗಿದ ದರವೇ ದರ. 2024ರ ಮಾರ್ಚ್ 11ರಂದು ದರ ಒಮ್ಮೆಲೇ ಕುಸಿದು ರೊಚ್ಚಿಗೆದ್ದ ರೈತರು ಅಲ್ಲಿನ ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ್ದು ರಾಜ್ಯವೆಲ್ಲ ನೋಡಿದ ಸುದ್ದಿ. ಬಳ್ಳಾರಿಗೇ ಒಂದು ಮೆಣಸಿನಕಾಯಿ ಮಾರುಕಟ್ಟೆ ಬೇಕು ಎಂಬ ಕೂಗು ಹಳೆಯದು. ಬೇಕೇ ಬೇಕು. ಆದರೆ ಮಾರುಕಟ್ಟೆ ಬಂದ ಕೂಡಲೇ ಇನ್ನಷ್ಟು ಹೊಲ ಕೆಂಪಾಗುತ್ತದೆ ಎಂಬ ಅಳುಕೂ ನನಗಿದೆ. ಸಂಜೆ ಮಂಡಕ್ಕಿ ಮಿರ್ಚಿಯ ಗಾಡಿ ಮುಂದೆ ನಿಂತಾಗ ಈ ಅಳುಕು ನೆನಪಿರುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಅಂದ ಹಾಗೆ ಬಜ್ಜಿಗೆ ಹಾಕುವ ಉದ್ದನೆಯ, ತಿಳಿಹಸಿರು, ದಪ್ಪ ಕಾಯಿಗೂ ಕುರುಗೋಡಿನ ಕಣದ ಕಾಯಿಗೂ ಸಂಬಂಧ ದೂರದ ದಾಯಾದಿಗಳಷ್ಟೇ.

ಅಂಚಿನ ಲೆಕ್ಕ

ಹಾಗಾದರೆ ಉಳಿದದ್ದು ಏನು? ಅದಕ್ಕೆ ಹೊಲದ ಅಂಚಿಗೆ ಬರಬೇಕು.

ಕಾಲುವೆ ಮುಟ್ಟದ ಖುಷ್ಕಿ ಹೊಲಗಳಲ್ಲಿ ಅಕ್ಕಡಿ ಸಾಲು ಇಡುವ ರೂಢಿ ಇನ್ನೂ ಪೂರ್ತಿ ಸತ್ತಿಲ್ಲ. ಜೋಳವೋ ಹತ್ತಿಯೋ ಇಷ್ಟು ಸಾಲು, ನಡುವೆ ತೊಗರಿ, ಹೆಸರು, ಅಲಸಂದಿಯ ಒಂದು ಸಾಲು. ಹೊಲದ ಸುತ್ತ ಬೇಲಿಯ ಹಾಗೆ ಪುಂಡಿ. ಗೋರಿಕಾಯಿ ನಾಲ್ಕು ಗಿಡ, ಬೆಂಡೆ ನಾಲ್ಕು ಗಿಡ. ಗೋರಿಕಾಯಿಯನ್ನೇ ಧಾರವಾಡ ಕಡೆಯವರು ಚವಳಿಕಾಯಿ ಅನ್ನುತ್ತಾರೆ. ಬೇಲಿ ಜಾಲಿಗೆ ಹೀರೆ, ತುಪ್ಪದ ಹೀರೆ, ತೊಂಡೆ. ತಿಪ್ಪೆಯ ಪಕ್ಕ ಕುಂಬಳ, ಹಿತ್ತಲ ಬಚ್ಚಲ ನೀರಿಗೆ ಬದನೆ, ಟೊಮೆಟೊ, ಬಸಳೆ. ಮಾಳಿಗೆ ಮೇಲೆ ಹಬ್ಬಿದ ಸೋರೆ. ಇವಕ್ಕೆ ಬಿತ್ತನೆಯ ಖರ್ಚು ಯಾರೂ ಬರೆಯುವುದಿಲ್ಲ, ಇಳುವರಿಯನ್ನೂ ಬರೆಯುವುದಿಲ್ಲ. ಗಂಡಸರ ಬಾಯಲ್ಲಿ ‘ಏನಿಲ್ಲ, ಮನಿ ಪೂರ್ತೇಕ’. ಆ ಮಾತಿನೊಳಗೆ ಒಂದು ಮನೆಯ ಆರು ತಿಂಗಳ ಪಲ್ಯವಿದೆ.

ಪುಂಡಿಯ ಬಗ್ಗೆ ಒಂದಿಷ್ಟು ಹೆಚ್ಚು ಹೇಳಲೇಬೇಕು. ಬಳ್ಳಾರಿಯಲ್ಲಿ ಅದಕ್ಕೆ ಎರಡು ಹೆಸರು, ಎರಡು ಅಡುಗೆ. ಕನ್ನಡ ಮನೆಯಲ್ಲಿ ಪುಂಡಿಪಲ್ಯ: ಸೊಪ್ಪು ಬೇಯಿಸಿ, ಜೋಳದ ನುಚ್ಚು, ತೊಗರಿಬೇಳೆ ಸೇರಿಸಿ, ಮಸೆದು, ಬೆಳ್ಳುಳ್ಳಿ ಒಗ್ಗರಣೆ. ತೆಲುಗು ಮನೆಯಲ್ಲಿ ಗೋಂಗೂರ: ಎಣ್ಣೆಯಲ್ಲಿ ಹುರಿದು, ಒಣಮೆಣಸು ಕುಟ್ಟಿ ಪಚಡಿ, ಭರಣಿಯಲ್ಲಿ ತಿಂಗಳುಗಟ್ಟಲೆ. ಕೌಲ್ ಬಜಾರಿನಲ್ಲಿ ಸೊಪ್ಪು ಮಾರುವಾಕೆ ಗಿರಾಕಿಯ ಮುಖ ನೋಡಿ ಹೆಸರು ಬದಲಿಸುತ್ತಾಳೆ. 1953ರಲ್ಲಿ ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ, ಉಳಿದ ಏಳು ತಾಲ್ಲೂಕು ಮೈಸೂರಿಗೆ ಎಂದು ಗೆರೆ ಎಳೆದಾಗ ಎಷ್ಟು ವಾದ, ಎಷ್ಟು ಜಗಳ, ಎಷ್ಟು ಆಯೋಗ! ಪುಂಡಿ ಎರಡೂ ಕಡೆ ಬದುವಿನ ಮೇಲೆ ನಿಂತು ಹುಳಿಯಾಗಿಯೇ ಉಳಿಯಿತು. ಕೆಂಪು ಕಡ್ಡಿಯದು, ಬಿಳಿ ಕಡ್ಡಿಯದು ಎಂದು ಎರಡು ಬಗೆ. ಕೆಂಪಿನದಕ್ಕೆ ಹುಳಿ ಹೆಚ್ಚು. ಸೊಪ್ಪು ಮುಗಿದ ಮೇಲೆ ಕಡ್ಡಿಯನ್ನು ನೀರಲ್ಲಿ ಕೊಳೆಹಾಕಿ ನಾರು ಸುಲಿದು ಹಗ್ಗ ಹೊಸೆಯುತ್ತಿದ್ದರು. ಪ್ಲಾಸ್ಟಿಕ್ ಹಗ್ಗ ಬಂದ ಮೇಲೆ ಆ ಕೆಲಸ ನಿಂತಿತು, ಪಲ್ಯ ನಿಲ್ಲಲಿಲ್ಲ.

ಇನ್ನು ಬಿತ್ತಿದ್ದು ಬೇರೆಯದಕ್ಕೆ, ತಿಂದದ್ದು ಸೊಪ್ಪನ್ನು ಎಂಬ ಬಗೆ. ಕುಸುಬೆ ಬಿತ್ತುವುದು ಎಣ್ಣೆಗೆ, ಮುಳ್ಳು ಬಲಿಯುವ ಮುಂಚೆ ಎಳೆಸೊಪ್ಪು ಪಲ್ಯಕ್ಕೆ. ಕಡಲೆ ಬಿತ್ತುವುದು ಕಾಳಿಗೆ, ಆದರೆ ಗಿಡ ಒಂದು ತಿಂಗಳಿನದಾದಾಗ ಹೆಂಗಸರು ಸಾಲು ಹಿಡಿದು ಕುಡಿ ಚಿವುಟುತ್ತಾರೆ. ಚಿವುಟಿದರೆ ಗಿಡ ಕವಲೊಡೆದು ಕಾಯಿ ಜಾಸ್ತಿ ಹಿಡಿಯುತ್ತದೆ ಎಂದು ಕೃಷಿ ವಿಜ್ಞಾನಿಗಳೂ ಹೇಳುತ್ತಾರೆ. ಚಿವುಟಿದ ಕುಡಿ ಹುಳಿಹುಳಿ, ಉಪ್ಪು ಹಾಕುವ ಮೊದಲೇ ಬಾಯಲ್ಲಿ ನೀರು. ಆ ಹುಳಿಗಾಗಿ ಇನ್ನೊಂದು ಕೆಲಸವಿತ್ತು. ಬೆಳಗಿನ ಜಾವ ತೆಳು ಬಟ್ಟೆಯನ್ನು ಕಡಲೆ ಗಿಡಗಳ ಮೇಲೆ ಎಳೆದುಕೊಂಡು ಹೋಗಿ, ಇಬ್ಬನಿಯೊಂದಿಗೆ ಅಂಟಿದ ಹುಳಿಯನ್ನು ಹಿಂಡಿ ಶೀಶೆಗೆ ತುಂಬಿಸಿಕೊಳ್ಳುತ್ತಿದ್ದರು. ಹೊಟ್ಟೆನೋವಿಗೆ, ಅಜೀರ್ಣಕ್ಕೆ ಮನೆಮದ್ದು. ನನ್ನ ಅಜ್ಜಿ ಅದನ್ನು ಒಂದು ಚಮಚ ಕೊಡುತ್ತಿದ್ದಳು. ನೋವು ಹೋಗುತ್ತಿತ್ತೋ ಹುಳಿಗೆ ಹೆದರಿ ನಾನೇ ಹೋಯಿತೆನ್ನುತ್ತಿದ್ದೆನೋ, ಈಗ ಹೇಳಲಾರೆ.

ಮೂರನೆಯದು ಬಿತ್ತದೆ ಬರುವವು. ಗೋಳಿಪಲ್ಯ, ಹಕ್ಕರಿಕಿ, ಕಿರಕಸಾಲಿ, ಅಣ್ಣೆ ಸೊಪ್ಪು. ಪುಸ್ತಕದಲ್ಲಿ ಇವಕ್ಕೆ ಕಳೆ ಎಂದು ಹೆಸರು. ಹಕ್ಕರಿಕಿಯನ್ನು ಬೇಯಿಸುವುದೂ ಬೇಡ, ತೊಳೆದು ಈರುಳ್ಳಿ, ಶೇಂಗಾ ಪುಡಿ, ಒಂದು ಹನಿ ಎಣ್ಣೆಯೊಂದಿಗೆ ಹಸಿಯಾಗಿಯೇ ರೊಟ್ಟಿಯ ಮಡಿಕೆಯಲ್ಲಿಟ್ಟರಾಯಿತು. ಕಳೆ ತೆಗೆಯುವ ಕೂಲಿಗೆ ಹೋದವಳು ಸಂಜೆ ಕೂಲಿಯ ಜೊತೆಗೆ ಒಂದು ಉಡಿ ಪಲ್ಯವನ್ನೂ ತರುತ್ತಿದ್ದಳು. ಅದು ಯಾರೋ ಕೊಟ್ಟ ಕೂಲಿಯಲ್ಲ, ಹಾಗಾಗಿ ಯಾರೂ ಕಡಿಯುವಂತೆಯೂ ಇರಲಿಲ್ಲ. ಕಳೆನಾಶಕದ ಡಬ್ಬಿ ಬಂದ ಮೇಲೆ ಅದು ಕಡಿತವಾಯಿತು. ಒಂದು ಎಕರೆಗೆ ಹತ್ತು ಆಳಿನ ಜಾಗದಲ್ಲಿ ಒಬ್ಬ ಆಳು, ಒಂದು ಪಂಪು. ಲೆಕ್ಕ ಸರಿಯಾಗಿಯೇ ಇದೆ. ಕೂಲಿ ಸಿಗುವುದಿಲ್ಲ, ಸಿಕ್ಕರೂ ದರ ಕೈಗೆಟುಕುವುದಿಲ್ಲ ಎಂಬ ರೈತನ ದೂರು ಸುಳ್ಳಲ್ಲ. ಆದರೆ ಹೊಲಕ್ಕೆ ಹೊಡೆದದ್ದು ಪಲ್ಯಕ್ಕೂ ತಾಗುತ್ತದೆ, ಕರ್ಚಿಬಳ್ಳಿಗೂ ತಾಗುತ್ತದೆ. ಮೊದಲ ಸಲ ಎಲೆ ಸುಡುತ್ತದೆ, ಗಡ್ಡೆ ಮತ್ತೆ ಚಿಗುರುತ್ತದೆ. ನಾಲ್ಕಾರು ಸಲಕ್ಕೆ ಅದೂ ಸೋಲುತ್ತದೆ.

ಹೀಗಾಗಿಯೇ ಸಂತೆಯ ಅಮ್ಮ ‘ಇದು ಹುಡುಕಿದ್ದು’ ಅಂದದ್ದು. ಮೊದಲು ಮನೆ ಹಿಂದಿನ ಹೊಲದಲ್ಲಿ ಸಿಗುತ್ತಿದ್ದುದಕ್ಕೆ ಆಕೆ ಈಗ ಎರಡು ಊರು ದಾಟಿ ಹೋಗುತ್ತಾಳೆ. ಯಾರ ಹೊಲಕ್ಕೆ ಔಷಧಿ ಬಿದ್ದಿಲ್ಲ, ಯಾರದು ಬೀಳು ಬಿಟ್ಟದ್ದು ಎಂಬ ನಕ್ಷೆ ಆಕೆಯ ತಲೆಯಲ್ಲಿದೆ. ನಾನು ಕೇಳಿದೆ. ಹೇಳಲಿಲ್ಲ. ‘ನಿನಗ್ ಹೇಳಿದ್ರ ನಾಳೆ ನೀನೇ ಬುಟ್ಟಿ ಹಿಡಕಂಡು ಬರ್ತಿ’ ಎಂದು ನಕ್ಕಳು.

ಬೀಜದ ಕಾಯಿ

ಬದನೆಕಾಯಿಯ ವಿಷಯಕ್ಕೆ ಬಂದರೆ ನಮ್ಮ ಸೀಮೆಯವರು ಮೆತ್ತಗಿನ ಮಾತಾಡುವುದಿಲ್ಲ. ಮುಳಗಾಯಿ ಎಂಬ ಹೆಸರೇ ಮುಳ್ಳಿಟ್ಟುಕೊಂಡದ್ದು. ಎಣ್ಣೆಗಾಯಿಗೆ ತೊಟ್ಟಿನಲ್ಲಿ ಮುಳ್ಳಿರಬೇಕು, ಗಾತ್ರ ನಿಂಬೆಹಣ್ಣಿಗಿಂತ ಚೂರು ದೊಡ್ಡದು, ಬಣ್ಣ ಹಸಿರಿನ ಮೇಲೆ ಬಿಳಿ ಗೆರೆ. ಉದ್ದನೆಯ ನುಣುಪು ನೇರಳೆ ಕಾಯಿ ಹುಳಿಗೆ ಆದೀತು, ಎಣ್ಣೆಗಾಯಿಗೆ ಹಾಕಿದರೆ ಒಡೆದು ಹೋಗುತ್ತದೆ. ಬದನೆ ನಮ್ಮ ದೇಶದ್ದೇ ಕಾಯಿ. ರಷ್ಯಾದ ವಾವಿಲೋವ್ ಬೆಳೆಗಳ ಹುಟ್ಟೂರುಗಳ ಪಟ್ಟಿ ಮಾಡಿದಾಗ ಬದನೆ, ಸೌತೆಗಳನ್ನು ಭಾರತದ ಖಾತೆಗೇ ಬರೆದಿದ್ದ. ಉಡುಪಿಗೆ ಮಟ್ಟುಗುಳ್ಳ, ಮೈಸೂರಿಗೆ ಈರನಗೆರೆ ಬದನೆ ಎಂದು ಹೆಸರು ನಿಂತಿವೆ. ನಮ್ಮ ಮುಳ್ಳಿನ ಗೆರೆಗಾಯಿಗೆ ಊರಿನ ಹೆಸರಿಲ್ಲ, ಬಿರುದಿಲ್ಲ, ಸಂತೆಯಲ್ಲಿ ‘ಜವಾರಿ’ ಎಂದರೆ ಮುಗಿಯಿತು.

ಬದನೆಗೆ ಬಿಟಿ ವಂಶವಾಹಿ ಸೇರಿಸಿದಾಗ ಅದಕ್ಕೆ ಬಳಸಿದ ತಳಿಗಳಲ್ಲಿ ನಮ್ಮ ರಾಜ್ಯದ ಊರಿನ ತಳಿಗಳೂ ಇದ್ದವು. ಕುಡಚಿ, ಮಲಾಪುರದಂಥ ಹೆಸರುಗಳು ಆ ಪಟ್ಟಿಯಲ್ಲಿವೆ. ಊರೂರಲ್ಲಿ ಸಭೆ, ಗಲಾಟೆ ನಡೆದು 2010ರ ಫೆಬ್ರುವರಿ 9ರಂದು ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಬಿಟಿ ಬದನೆಗೆ ತಡೆ ಹಾಕಿದರು. ನನ್ನ ಪ್ರಕಾರ ಆ ಜಗಳದಲ್ಲಿ ಒಂದು ಮಾತು ಬದಿಗೆ ಸರಿಯಿತು. ಬಿಟಿ ಬರದೇ ಹೋದರೂ ಜವಾರಿ ಬದನೆ ತಾನಾಗಿ ಉಳಿಯುವುದಿಲ್ಲ. ಅಂಗಡಿಯ ಹೈಬ್ರಿಡ್ ಬೀಜ ಅದನ್ನು ಸದ್ದಿಲ್ಲದೆ ಹೊರಗೆ ತಳ್ಳುತ್ತಿತ್ತು, ಈಗಲೂ ತಳ್ಳುತ್ತಿದೆ. ರೈತ ತನ್ನ ಬೀಜವನ್ನು ಇಟ್ಟುಕೊಳ್ಳಬಹುದು, ಬಿತ್ತಬಹುದು, ಹಂಚಬಹುದು, ಬ್ರ್ಯಾಂಡ್ ಹಾಕದೆ ಮಾರಲೂಬಹುದು ಎಂದು 2001ರ ಸಸ್ಯತಳಿ ಕಾಯ್ದೆ ಹೇಳುತ್ತದೆ. ಹಕ್ಕು ಇದೆ, ಇಟ್ಟುಕೊಂಡ ಬೀಜ ಇರಬೇಕಲ್ಲ.

ಇಟ್ಟುಕೊಂಡವರ ಮನೆಯೊಂದನ್ನು ಸಿರುಗುಪ್ಪ ಕಡೆಯ ಹಳ್ಳಿಯಲ್ಲಿ ನೋಡಿದೆ. ಮಣ್ಣಿನ ಮಾಳಿಗೆ, ಒಳಗೆ ಹೊಗೆ ಹಿಡಿದ ತೊಲೆ. ತೊಲೆಗೆ ತೂಗುಬಿಟ್ಟಿದ್ದ ಹೀರೇಕಾಯಿ ಒಣಗಿ ಅಲ್ಲಾಡಿಸಿದರೆ ಗಿಲಕಿಯಂತೆ ಸದ್ದು. ತಲೆಯ ಮುಚ್ಚಳ ತೆಗೆದು ಬೋರಲು ಹಾಕಿದರೆ ಕರೀ ಬೀಜ ಅಂಗೈಗೆ ಉದುರುತ್ತವೆ, ಕಾಯಿಯೇ ಡಬ್ಬಿ. ಕುಂಬಳದ ಬೀಜವನ್ನು ಸಗಣಿಯಲ್ಲಿ ಅದ್ದಿ ಗೋಡೆಗೆ ತಟ್ಟಿದ್ದರು. ಗೋರಿ, ಬೆಂಡೆ, ಪುಂಡಿ ಬೂದಿಯೊಂದಿಗೆ ಗಡಿಗೆಯಲ್ಲಿ. ಬದನೆಯ ಬೀಜ ಎಲ್ಲಿ ಎಂದರೆ ಅಜ್ಜಿ ಹಿತ್ತಲಿಗೆ ಕರೆದುಕೊಂಡು ಹೋದರು. ಗಿಡದ ಬುಡದ ಹತ್ತಿರ ಒಂದು ಕಾಯಿ ಹಣ್ಣಾಗಿ ಹಳದಿ ತಿರುಗಿತ್ತು. ಅದಕ್ಕೆ ಕೆಂಪು ಚಿಂದಿ ಕಟ್ಟಿದ್ದರು.

‘ಅದ್ಯಾಕ ಕಟ್ಟೀರಿ ಅಜ್ಜಿ?’

‘ಬೀಜದ ಕಾಯಿ ಅಂತ ಗುರುತು. ಇಲ್ಲಾಂದ್ರ ಸೊಸಿ ಕಿತ್ತು ಹುಳಿಗೆ ಹಾಕಿಬಿಡ್ತಾಳ.’

ಸೊಸೆ ಒಳಗಿಂದಲೇ ಕೂಗಿದಳು: ‘ಒಂದ್ಸಲ ಹಾಕಿದ್ದೆ, ಏಳು ವರ್ಷಾತು, ಇನ್ನೂ ಅಂತಾಳ.’

ಈ ಮನೆಗೆ ಎರಡು ಎಕರೆ ಕಾಲುವೆ ಜಮೀನು. ಭತ್ತವೇ ಹಾಕುತ್ತಾರೆ. ಬದುವನ್ನು ಮಾತ್ರ ಅಜ್ಜಿ ಬಿಟ್ಟುಕೊಟ್ಟಿಲ್ಲ. ಎರಡು ಮಡಿಗಳ ನಡುವಿನ ಒಂದೂವರೆ ಮೊಳದ ದಿಣ್ಣೆ, ನೀರು ಹತ್ತದ ಜಾಗ. ಅಲ್ಲಿ ಪುಂಡಿಯ ಸಾಲು, ನಡುನಡುವೆ ಬೆಂಡೆ, ಗೋರಿ. ಮೂಲೆಯಲ್ಲಿ ಕಳೆಯಂತೆ ಹಬ್ಬಿದ್ದ ಬಳ್ಳಿಯನ್ನು ನಾನು ಕರ್ಚಿ ಇರಬಹುದೇ ಎಂದು ಬಗ್ಗಿ ನೋಡಿದೆ. ಕಾಡು ಸೌತೆಯ ಜಾತಿಯದು, ತೆಲುಗರ ಬುಡಮಕಾಯಿ. ‘ಕರ್ಚಿ ಮೊದ್ಲು ಇತ್ತು, ನೀರು ಬಂದಾಗಿಂದ ಇಲ್ಲಿ ಬರಾಂಗಿಲ್ಲ’ ಅಂದರು ಅಜ್ಜಿ.

ನಾವು ಮಾತಾಡುತ್ತಿದ್ದಾಗ ಪಕ್ಕದ ಮಡಿಯಲ್ಲಿ ಔಷಧಿ ಹೊಡೆಯುವ ಹುಡುಗ ಬೆನ್ನಿಗೆ ಪಂಪು ಹಾಕಿಕೊಂಡು ಹೊರಟಿದ್ದ. ಕಿವಿಗೆ ಇಯರ್‌ಫೋನ್ ಬೇರೆ. ಬಲಗೈ ಕೊಳವೆಯನ್ನು ಅತ್ತಿತ್ತ ಬೀಸುತ್ತ ಸಾಲು ಮುಗಿಸಿ ಬದುವಿನ ಕಡೆ ತಿರುಗಿದ. ಅಜ್ಜಿ ಮಾತು ನಿಲ್ಲಿಸಿ ಅವನನ್ನೇ ನೋಡಿದರು. ಕೂಗಲಿಲ್ಲ. ಬದು ಎರಡು ಮಾರು ದೂರವಿದ್ದಾಗ ಅವನು ಗುಂಡಿ ಒತ್ತಿ ಪಂಪು ನಿಲ್ಲಿಸಿದ, ಕೊಳವೆಯನ್ನು ಆಕಾಶಕ್ಕೆ ಎತ್ತಿ ಹಿಡಿದು, ಪುಂಡಿಯ ಸಾಲನ್ನು ಹುಷಾರಾಗಿ ದಾಟಿ, ಆಚೆ ಮಡಿಗೆ ಇಳಿದ ಮೇಲೆ ಮತ್ತೆ ಶುರು ಮಾಡಿದ.

‘ಹೋದ ವರ್ಷ ಹೊಡೆದಿದ್ದ’ ಎಂದರು ಅಜ್ಜಿ. ‘ಅವತ್ತು ಸಂಜೀಕ ಉಣ್ಣಾಕ ಬಂದ. ಬರೇ ರೊಟ್ಟಿ ಇಟ್ಟೆ.’